ಗದ್ದೆ ಒಣಗುವ ಹೊತ್ತಿಗೆ ಗಾಡಿ ಸಿದ್ಧ: ಕಡಿಮೆ ಖರ್ಚಿನ ಆಟೋಕ್ರಾಸ್ ಕಾರು ಕಟ್ಟುವ ದಾರಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹಳೆಯ ಮಾರುತಿ ಇಲ್ಲದ ಊರು ಅಪರೂಪ. ಕೊಟ್ಟಿಗೆಯ ಪಕ್ಕದ ಮಾಡಿನಡಿ, ಅಡಿಕೆ ಚಪ್ಪರದ ಅಂಚಿನಲ್ಲಿ ಒಂದು 800ನೋ ಜೆನ್ನೋ ಧೂಳು ಹೊದ್ದು ನಿಂತಿರುತ್ತದೆ. ಜಂಬಿಟ್ಟಿಗೆ ಮಣ್ಣಿನ ಏರು ತಿರುವಿನಲ್ಲೇ ಸ್ಟಿಯರಿಂಗ್ ಹಿಡಿದು ಕಲಿತ ಹುಡುಗರು, ಹುಡುಗಿಯರು ಇಲ್ಲಿ ಬೇಕಾದಷ್ಟಿದ್ದಾರೆ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಯಷ್ಟೇ ಅಲ್ಲ, ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತೂ ನಡೆದಿದೆ. ದಕ್ಷಿಣ ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಆಟೋಕ್ರಾಸ್ ನಡೆದರೆ ಊರಿಗೆ ಊರೇ ಸೇರುತ್ತದೆ. ನಮ್ಮ ಕಡೆಯವರೂ ಅಲ್ಲಿಗೆ ಹೋಗಿ ನೋಡಿ ಬರುತ್ತಾರೆ. ಬಂದ ಮೇಲೆ ಕೇಳುವ ಪ್ರಶ್ನೆ ಒಂದೇ: ನಾವೂ ಒಂದು ಗಾಡಿ ಕಟ್ಟಬಹುದೇ, ಎಷ್ಟು ಖರ್ಚಾದೀತು?

ಖಂಡಿತ ಕಟ್ಟಬಹುದು. ಆದರೆ ಎಷ್ಟು ಹಣ ಎನ್ನುವುದಕ್ಕಿಂತ ಯಾವುದಕ್ಕೆ ಮೊದಲು ಎನ್ನುವುದೇ ಇಲ್ಲಿ ದೊಡ್ಡದು. ಮೊದಲು ಚಾಲಕರ ಪ್ರಾಣ, ಆಮೇಲೆ ಬ್ರೇಕು ಮತ್ತು ಸ್ಟಿಯರಿಂಗ್, ಆಮೇಲೆ ಟೈರು ಮತ್ತು ಶಾಕ್ ಅಬ್ಸಾರ್ಬರ್, ಆಮೇಲೆ ಅಭ್ಯಾಸ, ಎಲ್ಲಕ್ಕಿಂತ ಕೊನೆಗೆ ಎಂಜಿನ್. ಈ ಸಾಲನ್ನು ತಲೆಕೆಳಗು ಮಾಡಿದ ಗಾಡಿಗಳು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಗ್ಯಾರೇಜಿನ ಮೂಲೆ ಸೇರುತ್ತವೆ.

ಆಟ ಹೇಗೆ ನಡೆಯುತ್ತದೆ

ಆಟೋಕ್ರಾಸ್ ಎಂದರೆ ಗಡಿಯಾರದ ಜೊತೆಗಿನ ಪೈಪೋಟಿ. ಮಣ್ಣಿನ ಬಯಲಿನಲ್ಲೋ ಗದ್ದೆಯಲ್ಲೋ ತಿರುವುಗಳಿರುವ ಚಿಕ್ಕ ಟ್ರ್ಯಾಕ್ ಗುರುತು ಮಾಡಿರುತ್ತಾರೆ. ಕಾರು ಕಾರನ್ನು ತಳ್ಳಿಕೊಂಡು ಹೋಗುವ ಆಟ ಇದಲ್ಲ. ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದರು. ಗುರುತಿನ ಕಂಬ ಅಥವಾ ಕೋನ್ ಬೀಳಿಸಿದರೆ ದಂಡವಾಗಿ ಸೆಕೆಂಡು ಸೇರಿಸುತ್ತಾರೆ. ವಿಭಾಗಗಳನ್ನು ಸಾಮಾನ್ಯವಾಗಿ ಎಂಜಿನ್‌ನ ಸಿಸಿ ಪ್ರಕಾರ ಮಾಡುತ್ತಾರೆ. ಹೊಸಬರಿಗೆ, ಮಹಿಳೆಯರಿಗೆ ಬೇರೆ ವಿಭಾಗ ಇಡುವುದೂ ಉಂಟು.

ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳ ಬಗ್ಗೆ ಎಚ್ಚರ ಬೇಕು. ಅಮೆರಿಕದಲ್ಲಿ ಆಟೋಕ್ರಾಸ್ ಬಹುಪಾಲು ನಡೆಯುವುದು ಡಾಂಬರು ಹಾಕಿದ ಪಾರ್ಕಿಂಗ್ ಜಾಗಗಳಲ್ಲಿ. ಗಾಡಿ ತಗ್ಗಿಸಿ, ಸ್ಪ್ರಿಂಗ್ ಬಿಗಿ ಮಾಡಿ, ಅಗಲ ಟೈರು ಹಾಕಿ ಎಂದು ಅವರು ಹೇಳುವುದು ಅಲ್ಲಿಗೆ ಸರಿ. ನಮ್ಮದು ಬ್ರಿಟನ್ನಿನ ಪದ್ಧತಿಗೆ ಹತ್ತಿರ, ಹುಲ್ಲು ಮತ್ತು ಮಣ್ಣಿನ ಮೇಲಿನ ಆಟ. ಆ ಡಾಂಬರಿನ ಸಲಹೆಯನ್ನು ಗದ್ದೆಗೆ ತಂದರೆ ಮೊದಲ ಬದುವಿಗೇ ಎಂಜಿನ್ ಕೆಳಗಿನ ಆಯಿಲ್ ಸಂಪು ಒಡೆಯುತ್ತದೆ.

ಅಮೆರಿಕದವರಿಂದ ಕಲಿಯಬೇಕಾದದ್ದೂ ಒಂದಿದೆ. ಗ್ರಾಸ್‌ರೂಟ್ಸ್ ಮೋಟರ್‌ಸ್ಪೋರ್ಟ್ಸ್ ಎಂಬ ಪತ್ರಿಕೆ ಸುಮಾರು 2,000 ಡಾಲರ್ ಮಿತಿಯೊಳಗೆ ಕಟ್ಟಿದ ಕಾರುಗಳಿಗೆಂದೇ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಅದರಲ್ಲಿ ಭಾಗವಹಿಸುವವರು ಖರ್ಚಿನ ಲೆಕ್ಕ ಒಪ್ಪಿಸಬೇಕು. ನೀವೂ ಒಂದು ನೋಟ್‌ಬುಕ್ ಇಡಿ. ನಟ್ಟು ಬೋಲ್ಟಿನ ಹತ್ತು ರೂಪಾಯಿಯೂ ಅದರಲ್ಲಿ ಬರಲಿ. ಬರೆದಿಡದ ಸಣ್ಣ ಖರ್ಚೇ ಬಜೆಟ್ ಮೀರಿಸುತ್ತದೆ.

ಯಾವ ಕಾರು ಆರಿಸಬೇಕು

ಮನೆಯಲ್ಲಿ, ನೆಂಟರಲ್ಲಿ, ಊರಲ್ಲಿ ಇರುವ ಕಾರನ್ನೇ ಮೊದಲು ನೋಡಿ. ಗಾಡಿಯ ಇತಿಹಾಸ ಗೊತ್ತಿರುವುದು ದೊಡ್ಡ ಉಳಿತಾಯ.

ಮಾರುತಿ 800: 796 ಸಿಸಿ, ಮೂರು ಸಿಲಿಂಡರ್, ತೂಕ ಸುಮಾರು 650 ಕೆ.ಜಿ. 2014ರ ಜನವರಿವರೆಗೆ ತಯಾರಾದದ್ದರಿಂದ ಬಿಡಿಭಾಗಕ್ಕೆ ಇನ್ನೂ ತೊಂದರೆ ಇಲ್ಲ. ಬಿಚ್ಚಿ ಕೂರಿಸಲು ಬರುವ ಮೆಕ್ಯಾನಿಕ್ ಪ್ರತಿ ಹೋಬಳಿಯಲ್ಲೂ ಇದ್ದಾರೆ. ನಲವತ್ತರ ಆಸುಪಾಸಿನ ಅಶ್ವಶಕ್ತಿ ಸಾಲದು ಎನಿಸಬಹುದು. ಆದರೆ ಗದ್ದೆಯ ಟ್ರ್ಯಾಕಿನಲ್ಲಿ ಹೆಚ್ಚಿನ ಹೊತ್ತು ಓಡುವುದು ಎರಡನೇ ಗೇರಿನಲ್ಲಿ. ಶಕ್ತಿ ಕಡಿಮೆ ಇರುವ ಹಗುರ ಗಾಡಿ ವೇಗ ಕಳೆದುಕೊಳ್ಳದೆ ತಿರುವು ದಾಟುವುದನ್ನು ಚೆನ್ನಾಗಿ ಕಲಿಸುತ್ತದೆ.

ಮಾರುತಿ ಜೆನ್: 993 ಸಿಸಿ, ನಾಲ್ಕು ಸಿಲಿಂಡರ್, ಸುಮಾರು 750 ಕೆ.ಜಿ. ಎಂಜಿನ್ ಸಲೀಸಾಗಿ ಏರುತ್ತದೆ, ಗಾಡಿ ನೆಲಕ್ಕೆ ಅಂಟಿ ತಿರುಗುತ್ತದೆ. ಕೆಳಗೆ ಜಾಗ ಕಡಿಮೆ, ಅದನ್ನು ಲೆಕ್ಕದಲ್ಲಿಡಬೇಕು.

ಮಾರುತಿ ಎಸ್ಟೀಮ್: 1,298 ಸಿಸಿ. ಎಂಪಿಎಫ್‌ಐ ಮಾದರಿಯಲ್ಲಿ 85 ಅಶ್ವಶಕ್ತಿ, ತೂಕ 900 ಕೆ.ಜಿ.ಗಿಂತ ಕಡಿಮೆ. ಭಾರತದ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ದುಡಿದ ಕಾರು. ನಿರ್ಮಾಣ ನಿಂತದ್ದು 2007ರಲ್ಲಿ, ಹಾಗಾಗಿ ತುಕ್ಕಿಲ್ಲದ ಬಾಡಿ ಸಿಗುವುದೇ ಕಷ್ಟ.

ಜಿಪ್ಸಿ ಎಂದರೆ ಮಲೆನಾಡಿಗರಿಗೆ ಪ್ರೀತಿ. ಆದರೆ ಅದರ ಸೆಕೆಂಡ್ ಹ್ಯಾಂಡ್ ಬೆಲೆ ಇಳಿಯುವುದೇ ಇಲ್ಲ, ಸಾಮಾನ್ಯವಾಗಿ ಅದಕ್ಕೆ ಬೇರೆಯೇ ವಿಭಾಗ. ಮೊದಲ ಗಾಡಿಗೆ ಅದು ಬೇಡ. ಆರಂಭಕ್ಕೆ ನನ್ನ ಶಿಫಾರಸು 800 ಅಥವಾ ಜೆನ್.

ಕೊಳ್ಳುವಾಗ ಬಗ್ಗಿ ನೋಡಿ

ಮಳೆಗೆ ಹೆಸರಾದ ಆಗುಂಬೆ, ಹುಲಿಕಲ್ ಇರುವ ಸೀಮೆ ನಮ್ಮದು. ಈ ಮಳೆಯಲ್ಲಿ ಹತ್ತಿಪ್ಪತ್ತು ವರ್ಷ ಕಳೆದ ಕಾರಿನ ಮೇಲಿನ ಬಣ್ಣ ಏನನ್ನೂ ಹೇಳುವುದಿಲ್ಲ. ಟಾರ್ಚ್ ಮತ್ತು ಒಂದು ಸ್ಕ್ರೂಡ್ರೈವರ್ ಹಿಡಿದು ಹೋಗಿ. ಮ್ಯಾಟ್ ಎತ್ತಿ ನೆಲದ ತಗಡನ್ನು ಒತ್ತಿ. ಬಾಗಿಲ ಕೆಳಗಿನ ಪಟ್ಟಿ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರಿನ ತಲೆ ಕೂರುವ ಜಾಗ, ಹಿಂದಿನ ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗ, ಇವು ಗಟ್ಟಿಯಿರಬೇಕು. ಸ್ಕ್ರೂಡ್ರೈವರ್ ಒಳಗೆ ಇಳಿದರೆ ಆ ಗಾಡಿ ಬಿಟ್ಟುಬಿಡಿ. ಎಂಜಿನ್ ಬದಲಿಸಬಹುದು, ಪೊಳ್ಳಾದ ಬಾಡಿಯನ್ನು ಟಿಂಕರಿಂಗ್‌ನಲ್ಲಿ ಸ್ಪರ್ಧೆಗೆ ತಕ್ಕ ಗಟ್ಟಿ ಮಾಡುವುದು ಕೊಂಡ ಬೆಲೆಗಿಂತ ದುಬಾರಿ.

ಮಾಡಿನಡಿ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇಲಿ ಕಡಿದ ವೈರು ಇದ್ದೇ ಇರುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ, ಫ್ಯೂಸ್ ಬಾಕ್ಸ್ ಸುತ್ತ ಹುಡುಕಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಕಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಎಲ್ಲ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಅಂಕಿ ದೊಡ್ಡದಿರುವುದಷ್ಟೇ ಅಲ್ಲ, ಒಂದಕ್ಕೊಂದು ಹತ್ತಿರ ಇರಬೇಕು.

ಕಾಗದಪತ್ರವನ್ನೂ ಇಷ್ಟೇ ಕಟ್ಟುನಿಟ್ಟಾಗಿ ನೋಡಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ತಪಾಸಣೆಯಾಗಿ ಶುಲ್ಕ ಕಟ್ಟಿದರೆ ಐದು ವರ್ಷಕ್ಕೆ ನವೀಕರಣ. ಹಳೆಯ ಕಾರುಗಳಿಗೆ ಈ ಶುಲ್ಕ 2022ರ ಏಪ್ರಿಲ್‌ನಿಂದ ಗಣನೀಯವಾಗಿ ಏರಿದೆ. ಕೆಎ-15 ಗಾಡಿಯಾದರೆ ಸಾಗರದ ಆರ್‌ಟಿಒ ಕಚೇರಿಯಲ್ಲಿ, ಕೆಎ-14 ಆದರೆ ಶಿವಮೊಗ್ಗದಲ್ಲಿ ವಿಚಾರಿಸಿಯೇ ಮುಂಗಡ ಕೊಡಿ. ಸಾಲದ ಬಾಕಿ ಆರ್‌ಸಿಯಲ್ಲಿ ನಮೂದಾಗಿದ್ದರೆ ಅದು ತೀರುವವರೆಗೆ ಕೈ ಹಾಕಬೇಡಿ.

ಹಣ ಹಂಚುವ ಬಗೆ

ಒಟ್ಟು ಒಂದೂವರೆ ಲಕ್ಷ ರೂಪಾಯಿ ಎತ್ತಿಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ರೋಲ್ ಕೇಜ್ (ಗಾಡಿ ಮಗುಚಿದಾಗ ಒಳಗಿನವರನ್ನು ಕಾಯುವ ಉಕ್ಕಿನ ಚೌಕಟ್ಟು) ಕಡ್ಡಾಯವಿಲ್ಲದ ಆರಂಭಿಕ ವಿಭಾಗಕ್ಕೆ ಹೀಗೆ ಹಂಚಬಹುದು:

– ಕಾರು, ಹೆಸರು ಬದಲಾವಣೆ ಸೇರಿ: 55,000
– ಬ್ರೇಕು, ಸ್ಟಿಯರಿಂಗ್, ಬುಷ್, ಬೇರಿಂಗ್, ಕೂಲಿಂಗ್: 30,000
– ಹೆಲ್ಮೆಟ್, ಬೆಲ್ಟ್, ಬೆಂಕಿ ಆರಿಸುವ ಸಿಲಿಂಡರ್: 25,000
– ಟೈರು, ಶಾಕ್ ಅಬ್ಸಾರ್ಬರ್, ಸಂಪ್ ಗಾರ್ಡ್: 20,000
– ಲೈಸೆನ್ಸ್, ಪ್ರವೇಶ ಶುಲ್ಕ, ಸಾಗಣೆ: 10,000
– ಮುಟ್ಟದೆ ಇಡುವ ಹಣ: 10,000

ಬೆಲೆ ಗಾಡಿಯಿಂದ ಗಾಡಿಗೆ, ಅಂಗಡಿಯಿಂದ ಅಂಗಡಿಗೆ ಬದಲಾದೀತು. ಪಾಲು ಬದಲಾಗಬಾರದು. ಕಾರಿಗೇ ಅರ್ಧಕ್ಕಿಂತ ಹೆಚ್ಚು ಹಣ ಹೋದರೆ ಉಳಿದದ್ದೆಲ್ಲ ಅರೆಬರೆಯಾಗುತ್ತದೆ. ಕೊನೆಯ ಹತ್ತು ಸಾವಿರ ಮೊದಲ ಸ್ಪರ್ಧೆಯಲ್ಲಿ ಮುರಿಯುವ ಸಾಮಾನಿಗೆ. ಏನಾದರೊಂದು ಮುರಿಯುತ್ತದೆ ಎಂದೇ ಲೆಕ್ಕ ಹಾಕಿ. ಬಿಡಿಭಾಗಗಳಿಗೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಹತ್ತಿರದ ದೊಡ್ಡ ಜಾಗ. ಬಾಗಿಲು, ಬಂಪರ್, ರಿಮ್ಮು, ಗಾಜು ಗುಜರಿಯಲ್ಲಿ ತರಬಹುದು. ಬ್ರೇಕಿನ ಭಾಗ, ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬೆಲ್ಟು, ಹೆಲ್ಮೆಟ್ ಎಂದಿಗೂ ಹಳೆಯದು ಬೇಡ.

ಪ್ರಾಣಕ್ಕೆ ಮೊದಲ ರೂಪಾಯಿ

ಹೆಲ್ಮೆಟ್ ಕೊಳ್ಳುವ ಮುನ್ನ ಸ್ಪರ್ಧೆಯ ನಿಯಮ ಓದಿ, ಅವರು ಒಪ್ಪುವ ಗುಣಮಟ್ಟದ್ದನ್ನೇ ತನ್ನಿ. ಕಾರ್ ರೇಸಿನ ಸ್ನೆಲ್ ಎಸ್‌ಎ ಅಥವಾ ಅಂತರರಾಷ್ಟ್ರೀಯ ಮೋಟರ್ ಕ್ರೀಡಾ ಸಂಸ್ಥೆ ಎಫ್‌ಐಎ ಮುದ್ರೆಯ ಹೆಲ್ಮೆಟ್ಟಿನ ಒಳಪದರ ಬೆಂಕಿಗೆ ಬೇಗ ಹತ್ತದಂತೆ ಮಾಡಿರುತ್ತದೆ. ಬೈಕ್ ಹೆಲ್ಮೆಟ್ಟಿಗೆ ಆ ಪರೀಕ್ಷೆ ಇಲ್ಲ. ಸೀಟು ನೆಲಕ್ಕೆ ಅಲುಗದಂತೆ ಬಿಗಿದಿರಲಿ. ಎರಡು ಕೆ.ಜಿ.ಯ ಡ್ರೈ ಪೌಡರ್ ಸಿಲಿಂಡರ್ ಚಾಲಕರ ಕೈಗೆ ಎಟಕುವ ಜಾಗದಲ್ಲಿ ಲೋಹದ ಪಟ್ಟಿಯಿಂದ ಬಿಗಿದಿರಬೇಕು. ಹಗ್ಗದಲ್ಲಿ ಕಟ್ಟಿದ್ದು ಗಾಡಿ ಮಗುಚಿದಾಗ ತಲೆಗೇ ಬಡಿಯುತ್ತದೆ. ಬ್ಯಾಟರಿಗೂ ಅದೇ ಮಾತು. ಮುಂದೆ ಹಿಂದೆ ಎಳೆಯುವ ಕೊಕ್ಕೆ ಗಟ್ಟಿಯಾಗಿರಲಿ.

ಮೇಲಿನ ವಿಭಾಗಕ್ಕೆ ಹೋದಾಗ ರೋಲ್ ಕೇಜ್ ಬರುತ್ತದೆ. ಊರಿನ ವೆಲ್ಡಿಂಗ್ ಶಾಪಿನಲ್ಲಿ ನೀರಿನ ಜಿಐ ಪೈಪ್ ಬಗ್ಗಿಸಿ ಕೇಜ್ ಮಾಡಿಸುವ ಆಲೋಚನೆ ಬೇಡವೇ ಬೇಡ. ಎಫ್‌ಐಎ ನಿಯಮದಂತೆ ಮುಖ್ಯ ಕಮಾನಿಗೆ ಕನಿಷ್ಠ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ, ಅಥವಾ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಉಕ್ಕಿನ ಕೊಳವೆ ಬೇಕು. ಕಳಪೆ ಕೇಜ್ ಅಪಘಾತದಲ್ಲಿ ಮುರಿದು ಒಳಗಿದ್ದವರಿಗೇ ಚುಚ್ಚುತ್ತದೆ. ಸರಿಯಾದ ಕೇಜಿಗೆ ಹಣ ಕೂಡುವವರೆಗೆ ಅದು ಬೇಡದ ವಿಭಾಗದಲ್ಲೇ ಓಡಿ.

ನಿಲ್ಲಬೇಕು, ತಿರುಗಬೇಕು

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲ ಕಳೆದ ಹಳೆಯ ಗಾಡಿಯಲ್ಲಿ ಅದು ಕೆಟ್ಟಿರುತ್ತದೆ ಎಂದೇ ತಿಳಿದು ಪೂರ್ತಿ ಬದಲಿಸಿ, ಗಾಳಿ ತೆಗೆಸಿ. ರಬ್ಬರ್ ಹೋಸ್, ಪ್ಯಾಡ್, ವೀಲ್ ಸಿಲಿಂಡರ್ ಹೊಸದಾಗಿರಲಿ. ಮುಂದಿನ ಚಕ್ರ ಎಳೆಯುವ ಗಾಡಿ ಮಣ್ಣಿನಲ್ಲಿ ನೇರ ಜಾರಿಕೊಂಡು ಹೋಗುತ್ತದೆ. ಅದನ್ನು ತಿರುಗಿಸುವ ಅಸ್ತ್ರ ಹ್ಯಾಂಡ್ ಬ್ರೇಕ್. ಹಾಗಾಗಿ ಕೇಬಲ್ ಹೊಸದು ಹಾಕಿ, ಹಿಂದಿನ ಎರಡೂ ಚಕ್ರ ಒಟ್ಟಿಗೆ ಹಿಡಿಯುವಂತೆ ಹೊಂದಿಸಿ.

ಆಮೇಲೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಷ್, ವೀಲ್ ಬೇರಿಂಗ್, ಎಂಜಿನ್ ಮೌಂಟ್, ಆಕ್ಸಲ್ ಬೂಟ್. ಬೂಟ್ ಹರಿದಿದ್ದರೆ ಕೆಂಧೂಳು ಒಳ ಸೇರಿ ಜಾಯಿಂಟ್ ಸವೆದು ಹೋಗುತ್ತದೆ. ಈ ಸಣ್ಣ ಭಾಗಗಳು ಸರಿಯಾದ ಗಾಡಿ, ದೊಡ್ಡ ಎಂಜಿನ್ನಿನ ಸಡಿಲ ಗಾಡಿಯನ್ನು ಗದ್ದೆಯಲ್ಲಿ ಹಿಂದೆ ಹಾಕುತ್ತದೆ.

ಸ್ಪ್ರಿಂಗ್ ಕತ್ತರಿಸಬೇಡಿ. ಮಣ್ಣಿನ ಮೇಲೆ ಚಕ್ರ ಏರಿಳಿಯಲು ಜಾಗ ಬೇಕು, ಕತ್ತರಿಸಿದರೆ ಅದೇ ಹೋಗುತ್ತದೆ. ಒಳ್ಳೆಯ ಹೊಸ ಶಾಕ್ ಅಬ್ಸಾರ್ಬರ್ ನಾಲ್ಕು ಹಾಕಿದರೆ ಆರಂಭಕ್ಕೆ ಸಾಕು. ಟೈರು ಅಗಲ ಬೇಡ. ಕಿರಿದಾದ ಟೈರು ಮೇಲಿನ ಸಡಿಲ ಮಣ್ಣನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಆಳವಾದ ಬಿಡಿ ಗುಬುಟಿನ ಹೂವಿರುವುದು ಒಳ್ಳೆಯದು. ಗಾಳಿಯ ಒತ್ತಡವನ್ನು ಕಂಪನಿ ಹೇಳಿದ ಮಟ್ಟದಿಂದ ಆರಂಭಿಸಿ, ಎರಡೆರಡು ಪಿಎಸ್‌ಐ ಬದಲಿಸಿ ನೋಡಿ, ಫಲಿತಾಂಶ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತೀರಾ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುತ್ತದೆ.

ಧೂಳು ಮತ್ತು ಒಣ ಹುಲ್ಲು

ನಮ್ಮ ಸೀಮೆಯ ಮಣ್ಣಿಗೆ ಎರಡು ಮುಖ. ಕೊಯ್ಲಾದ ಹೊಸತರಲ್ಲಿ ಗದ್ದೆಯ ಒಳಗೆ ಪಸೆ ಇರುತ್ತದೆ, ಚಕ್ರ ಹೂಳುತ್ತದೆ. ಮಾರ್ಚ್ ಹೊತ್ತಿಗೆ ಮೇಲೆ ಹಿಟ್ಟಿನಂಥ ಧೂಳು, ಕೆಳಗೆ ಕಲ್ಲಿನಂಥ ನೆಲ. ಏರ್ ಫಿಲ್ಟರ್ ಪ್ರತಿ ಸ್ಪರ್ಧೆಗೂ ಹೊಸದಾಗಲಿ, ಅದರ ಪೆಟ್ಟಿಗೆಯ ಅಂಚಿನಲ್ಲಿ ಸಂದು ಇರಬಾರದು. ರೇಡಿಯೇಟರ್ ತೊಳೆಸಿ, ಬಾವಿ ನೀರಿನ ಬದಲು ಕೂಲಂಟ್ ಹಾಕಿ, ಫ್ಯಾನ್ ಸರಿಯಾದ ಹೊತ್ತಿಗೆ ತಿರುಗುವುದನ್ನು ಖಚಿತ ಮಾಡಿ. ಸಂಪ್ ಗಾರ್ಡ್ ಹಾಕುವಾಗ ಆಯಿಲ್ ಬಿಡುವ ಬೋಲ್ಟಿಗೆ ಕಿಂಡಿ ಇಡಿಸಿ.

ಗಾರ್ಡಿನ ಮೇಲೆ ಸೇರುವ ಕೂಳೆ, ಹುಲ್ಲು ಕಾದ ಸೈಲೆನ್ಸರ್ ಪೈಪಿಗೆ ತಾಗಿ ಹೊತ್ತಿಕೊಳ್ಳಬಲ್ಲದು. ಪ್ರತಿ ಓಟದ ನಂತರ ಬಗ್ಗಿ ನೋಡಿ ತೆಗೆಯಿರಿ. ಕಾದ ಗಾಡಿಯನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಕಾನೂನು ಮೀರದ ದಾರಿ

ದೇಶದಲ್ಲಿ ಮೋಟರ್ ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಫೆಡರೇಷನ್ ಆಫ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಅಂದರೆ ಎಫ್‌ಎಂಎಸ್‌ಸಿಐ. ಅದರ ಪರವಾನಗಿ ಇರುವ ಸ್ಪರ್ಧೆಗಳಿಗೆ ಅದರದೇ ಸ್ಪರ್ಧಾ ಲೈಸೆನ್ಸ್ ಬೇಕು. ವೈದ್ಯಕೀಯ ಪ್ರಮಾಣಪತ್ರವನ್ನೂ ಸಿದ್ಧವಿಟ್ಟುಕೊಳ್ಳಿ. ಪ್ರತಿ ಸ್ಪರ್ಧೆಯೂ ಸಪ್ಲಿಮೆಂಟರಿ ರೆಗ್ಯುಲೇಷನ್ ಎಂಬ ನಿಯಮ ಪುಸ್ತಿಕೆ ಹೊರಡಿಸುತ್ತದೆ. ಯಾವ ವಿಭಾಗಕ್ಕೆ ಯಾವ ಬದಲಾವಣೆ ಸಲ್ಲುತ್ತದೆ ಎಂಬುದು ಅದರಲ್ಲಿದೆ. ಹಿಂದಿನ ಸೀಟು ತೆಗೆಯುವ ಮುನ್ನವೇ ಅದನ್ನು ಓದಿ. ಪರವಾನಗಿ, ಆಂಬುಲೆನ್ಸ್, ಪೊಲೀಸ್ ಅನುಮತಿ ಇಲ್ಲದ ಸ್ಪರ್ಧೆಗೆ ಹೋಗಬೇಡಿ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಿ ರಸ್ತೆಗೆ ತರುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದರ ವ್ಯಾವಹಾರಿಕ ಅರ್ಥ ಇಷ್ಟು: ಗಾಡಿಯನ್ನು ಓಡಿಸಿಕೊಂಡೇ ಸ್ಪರ್ಧೆಗೆ ಹೋಗುವುದಾದರೆ ಕಂಪನಿ ಕೊಟ್ಟ ರೂಪದಲ್ಲೇ ಇಟ್ಟುಕೊಳ್ಳಿ. ಒಳಗನ್ನೆಲ್ಲ ಬಿಚ್ಚಿ ಕೇಜ್ ಹಾಕಿದ ಗಾಡಿ ಪಿಕಪ್ ಮೇಲೆಯೇ ಹೋಗಬೇಕು. ಸಾಮಾನ್ಯ ವಾಹನ ವಿಮೆ ರೇಸು, ವೇಗ ಪರೀಕ್ಷೆಗಳನ್ನು ಹೊರಗಿಡುತ್ತದೆ ಎಂಬುದೂ ನೆನಪಿರಲಿ.

ಆಗುಂಬೆ ಘಾಟಿಯ ಹಿಮ್ಮುರಿ ತಿರುವಾಗಲಿ, ಹುಲಿಕಲ್ ಘಾಟಿಯಾಗಲಿ, ರಾತ್ರಿಯ ಖಾಲಿ ಹೆದ್ದಾರಿಯಾಗಲಿ ಅಭ್ಯಾಸದ ಜಾಗವಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ನಡೆಸುವುದು 189ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನಿಗಿಂತ ಮೊದಲು, ಆ ತಿರುವಿನಾಚೆ ಶಾಲೆಯಿಂದ ಬರುವ ಮಕ್ಕಳಿರುತ್ತಾರೆ.

ಅಭ್ಯಾಸ ಎಲ್ಲಿ, ಹೇಗೆ

ಸ್ವಂತದ ಅಥವಾ ಮಾಲೀಕರು ಒಪ್ಪಿದ ಒಣ ಗದ್ದೆಯೇ ಸರಿ. ಮುಂದಿನ ಬೆಳೆಗೆ ಉಳುವ ಮುನ್ನ ನೆಲ ಗಟ್ಟಿಯಾಗಿರುತ್ತದೆ, ಉಳುಮೆಯ ಖರ್ಚು ಕೊಡುತ್ತೇವೆಂದು ಮೊದಲೇ ಮಾತಾಡಿ. ಕಾನು, ಸೊಪ್ಪಿನಬೆಟ್ಟ, ಬ್ಯಾಣಗಳಿಗೆ ಗಾಡಿ ನುಗ್ಗಿಸಬೇಡಿ. ಅಲ್ಲಿ ಕಿತ್ತ ಹುಲ್ಲು, ಕೊರೆದ ಚಕ್ರದ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ.

ಒಬ್ಬರೇ ಅಭ್ಯಾಸಕ್ಕೆ ಇಳಿಯಬೇಡಿ. ಇನ್ನೊಂದು ಗಾಡಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಸಿಗ್ನಲ್ ಇರುವ ಫೋನ್ ಜೊತೆಗಿರಲಿ. ದೊಡ್ಡ ಗಾಯಕ್ಕೆ ನಮ್ಮವರು ಹೋಗುವುದು ಶಿವಮೊಗ್ಗಕ್ಕೆ ಇಲ್ಲವೇ ಘಟ್ಟ ಇಳಿದು ಮಣಿಪಾಲಕ್ಕೆ, ಎರಡೂ ಹತ್ತಿರವಲ್ಲ. ನೋಡಲು ಬಂದವರು ತಿರುವಿನ ಹೊರಬದಿಯಲ್ಲಿ ನಿಲ್ಲಬಾರದು, ಗಾಡಿ ಜಾರುವುದೇ ಆ ಕಡೆಗೆ.

ಎಂಟರ ಆಕಾರದಲ್ಲಿ ಗುರುತು ಇಟ್ಟು ನಿಧಾನವಾಗಿ ಶುರು ಮಾಡಿ. ತಿರುವಿನ ಮುಂಚೆಯೇ ಬ್ರೇಕ್ ಮುಗಿಸಿ, ತಿರುವಿನಲ್ಲಿ ಕಾಲು ಹದವಾಗಿಟ್ಟು, ಹೊರಬರುವಾಗ ಆಕ್ಸಿಲರೇಟರ್ ಒತ್ತಿ. ಕಣ್ಣು ಬಾನೆಟ್ ಮೇಲಲ್ಲ, ಮುಂದಿನ ತಿರುವಿನ ಮೇಲಿರಲಿ. ಜೊತೆಗಿದ್ದವರು ಮೊಬೈಲಿನಲ್ಲಿ ಸಮಯ ಹಿಡಿಯಲಿ. ಒಮ್ಮೆಗೆ ಒಂದನ್ನೇ ಬದಲಿಸಿ: ಗಾಳಿ ಬದಲಿಸಿದ ದಿನ ಅಲೈನ್‌ಮೆಂಟ್ ಮುಟ್ಟಬೇಡಿ. ಇಲ್ಲದಿದ್ದರೆ ಸಮಯ ಇಳಿದದ್ದು ಯಾವುದರಿಂದ ಎಂದೇ ತಿಳಿಯುವುದಿಲ್ಲ.

ವರ್ಷದ ವೇಳಾಪಟ್ಟಿ

ಮೇ ತಿಂಗಳಲ್ಲಿ ಗಾಡಿ ಕೊಂಡು ಮಳೆ ಹಿಡಿಯುವ ಮುನ್ನ ಮಾಡಿನಡಿ ಸೇರಿಸಿ. ಜೂನ್–ಜುಲೈನಲ್ಲಿ ಬಿಚ್ಚಿ, ತೊಳೆದು, ತುಕ್ಕು ಕೆರೆದು, ಬೇಕಾದ ಸಾಮಾನಿನ ಪಟ್ಟಿ ಮಾಡಿ. ಆಗಸ್ಟ್–ಸೆಪ್ಟೆಂಬರಿನಲ್ಲಿ ಬ್ರೇಕು, ಸ್ಟಿಯರಿಂಗ್, ಸಸ್ಪೆನ್ಷನ್ ಮುಗಿಸಿ. ದೀಪಾವಳಿಗೆ ಗಾಡಿ ತನ್ನ ಚಕ್ರದ ಮೇಲೆ ನಿಲ್ಲಲಿ. ಕೊಯ್ಲು ಮುಗಿದು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಬರುವ ಹೊತ್ತಿಗೆ ಅಭ್ಯಾಸ ಶುರು. ಜನವರಿಯಿಂದ ಏಪ್ರಿಲ್‌ವರೆಗೆ ಮಣ್ಣು ಒಣಗಿರುವ ಕಾಲದಲ್ಲಿ ಒಂದೋ ಎರಡೋ ಸ್ಪರ್ಧೆ. ಅಡಿಕೆ ಮಾರಿದ ಹಣ ಬಂದಾಗ ಆಸೆಯೂ ಏರುತ್ತದೆ, ಆಗಲೂ ನೋಟ್‌ಬುಕ್ ಹೇಳಿದ್ದನ್ನೇ ಕೇಳಿ.

ಮೊದಲ ಸ್ಪರ್ಧೆಗೆ ಹೋಗುವಾಗ

ಟೂಲ್ ಸೆಟ್, ಜಾಕ್, ಸ್ಟೆಪ್ನಿ, ಗಾಳಿ ಅಳೆಯುವ ಗೇಜ್, ಪಂಪ್, ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್, ಫ್ಯಾನ್ ಬೆಲ್ಟ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಫ್ಯೂಸ್, ಕಟ್ಟುವ ತಂತಿ, ಕುಡಿಯುವ ನೀರು. ಓಟಕ್ಕೆ ಮುನ್ನ ಒಳಗಿನ ಬಿಡಿ ವಸ್ತುಗಳನ್ನೆಲ್ಲ ಹೊರಗಿಡಿ, ಚಕ್ರದ ನಟ್ಟು ಮತ್ತೆ ಬಿಗಿಯಿರಿ. ಟ್ರ್ಯಾಕ್ ನಡೆದು ನೋಡಲು ಬಿಟ್ಟರೆ ಪೂರ್ತಿ ನಡೆಯಿರಿ. ಎಲ್ಲಿ ಬದು, ಎಲ್ಲಿ ಪಸೆ, ಎಲ್ಲಿ ಕಲ್ಲು ಎಂಬುದು ಕಾಲಿಗೆ ತಿಳಿದರೆ ಕೈಗೂ ತಿಳಿಯುತ್ತದೆ.

ಮೊದಲ ವರ್ಷದ ಗುರಿ ಕಪ್ ಆಗಬೇಕಿಲ್ಲ. ಎಲ್ಲ ಓಟ ಮುಗಿಸಿ, ಕೋನ್ ಬೀಳಿಸದೆ, ಮೊದಲ ಓಟಕ್ಕಿಂತ ಕೊನೆಯ ಓಟದಲ್ಲಿ ಸಮಯ ಇಳಿಸಿದರೆ ಗಾಡಿ ಸರಿ ಇದೆ, ಚಾಲಕರೂ ಬೆಳೆಯುತ್ತಿದ್ದಾರೆ ಎಂದರ್ಥ. ಆಗ ಎಂಜಿನ್ ಬಗ್ಗೆ ಯೋಚಿಸಿ. ಮಣ್ಣಿನ ದಾರಿಯ ರೂಢಿ, ಕೈಗೆಟುಕುವ ಹಳೆಯ ಕಾರು, ಬಿಚ್ಚಿ ಕೂರಿಸಬಲ್ಲ ಮೆಕ್ಯಾನಿಕ್ಕುಗಳು, ಕೊಯ್ಲಾದ ಮೇಲೆ ಖಾಲಿ ಬೀಳುವ ಗದ್ದೆ, ಈ ಕ್ರೀಡೆಗೆ ಬೇಕಾದ್ದು ನಮ್ಮ ಮೂರು ತಾಲ್ಲೂಕಿನಲ್ಲಿ ಬೇಕಾದಷ್ಟಿದೆ. ನಾಲ್ಕೈದು ಗೆಳೆಯರು ಸೇರಿ ಒಂದು ಗಾಡಿ ಕಟ್ಟಿ, ಸರದಿಯಲ್ಲಿ ಓಡಿಸಿದರೆ ತಲಾ ಖರ್ಚು ಒಂದು ಸೆಕೆಂಡ್ ಹ್ಯಾಂಡ್ ಬೈಕಿನಷ್ಟು. ಈ ಮಳೆಗಾಲದ ಮೊದಲೇ ನೋಟ್‌ಬುಕ್ ತೆರೆಯಿರಿ, ಮೊದಲ ಸಾಲಿನಲ್ಲಿ ಹೆಲ್ಮೆಟ್ ಎಂದು ಬರೆಯಿರಿ.